ಹಬ್ಬದ ಯಜಮಾನನ ಕೆಮ್ಮು

ಮಹಾಮಾರಿಯಿಂದ ಕಾಪಾಡುವವನೆಂದು ಲೋಕವೆಲ್ಲ ಕೈಮುಗಿಯುವ ಸಂತ ರೋಕೆಯ ಹಬ್ಬವನ್ನು, ಮಹಾಮಾರಿ ಬಂದಿದೆ ಎಂಬ ಕಾರಣಕ್ಕೇ ನಿಲ್ಲಿಸಿದ ಕೀರ್ತಿ ನಮ್ಮ ಪುರಸಭೆಗೆ ಸಲ್ಲಬೇಕು. ಊರಿಗೆ ಬೆಂಕಿ ಬಿದ್ದಿದೆ, ಆದ್ದರಿಂದ ಇವತ್ತು ಬಾವಿಗೆ ರಜೆ ಎಂದ ಹಾಗೆ. ಆದೇಶ ಬಂದ ದಿನ ನಮ್ಮ ಸಾನ್ ರೋಕೆ ಕೇರಿಯವರೆಲ್ಲ ಬೀದಿಗೆ ಬಂದು ತಲೆಗೊಂದು ಮಾತು ಬೈದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದರು. ಹೋಗಲಾಗದೆ ಬೀದಿಯಲ್ಲೇ ನಿಂತವನು ಫಿದೆನ್ಸಿಯೋ ಒಬ್ಬ. ಯಾಕೆಂದರೆ ಆ ವರ್ಷದ ಹಬ್ಬದ ಯಜಮಾನ ಅವನೇ.

ನಮ್ಮಲ್ಲಿ ಈ ಯಜಮಾನಿಕೆ ಸುಮ್ಮನೆ ಸಿಗುವುದಿಲ್ಲ. ಹೆಸರು ಕೊಟ್ಟು, ತನಗಿಂತ ಮೊದಲು ಹೆಸರು ಕೊಟ್ಟವರೆಲ್ಲ ಮಾಡಿ ಮುಗಿಸುವವರೆಗೆ ಕಾಯಬೇಕು. ಫಿದೆನ್ಸಿಯೋ ಹೆಸರು ಕೊಟ್ಟಾಗ ಅವನ ತಲೆಯಲ್ಲಿ ಕೂದಲಿತ್ತು. ಯಜಮಾನನಾದವನು ಚರ್ಚಿನ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಬೇಕು. ಆಮೇಲೆ ಇಡೀ ಕೇರಿಯನ್ನು ತನ್ನ ಅಂಗಳದಲ್ಲಿ ಕೂರಿಸಿ ಟರ್ಕಿ ಕೋಳಿಯ ಮೇಲೆ ಪಿಪಿಯಾನ್ ಬಡಿಸಬೇಕು. ಕುಂಬಳಬೀಜ, ಒಣಮೆಣಸಿನಕಾಯಿ ಹುರಿದು ಅರೆದು ಕುದಿಸಿದ ಆ ಕೆಂಪು ಸಾರೇ ಯಜಮಾನನ ಮಾನ. ಯಾವ ವರ್ಷ ದೇಶ ಆಳಿದವರು ಯಾರು ಅಂತ ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಯಾವ ವರ್ಷ ಯಾರು ಬೀಜ ಕಡಿಮೆ ಹಾಕಿ ನೀರು ಜಾಸ್ತಿ ಹೊಯ್ದರು ಅಂತ ಕೇಳಿ, ಮಕ್ಕಳೂ ಹೇಳುತ್ತವೆ. ಆ ತೀರ್ಪು ಕೊಡುತ್ತಿದ್ದವಳು ಮೂಲೆಯಂಗಡಿಯ ದೋನ್ಯಾ ಚೋಲೆ, ಅಂದರೆ ಚೋಲೆಯಮ್ಮ. ಒಂದು ತುತ್ತು ಬಾಯಿಗಿಟ್ಟು, ಕಣ್ಣುಮುಚ್ಚಿ, ಅವಳು "ಹ್ಞೂಂ" ಅಂದರೆ ಆ ಮನೆತನ ಉದ್ಧಾರವಾದಂತೆ. ಸುಮ್ಮನೆ ನೀರು ಕುಡಿದರೆ ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದೂ ಕಷ್ಟ.

ಫಿದೆನ್ಸಿಯೋ ಸೈಕಲ್ ರಿಪೇರಿಯವನು, ನನ್ನ ಪಕ್ಕದ ಮನೆಯವನು. ಎಂಥ ಮನುಷ್ಯ ಅಂದರೆ, ಶುಭ ಶುಕ್ರವಾರದ ಮೆರವಣಿಗೆಯಲ್ಲಿ ರೋಮನ್ ಸಿಪಾಯಿಯ ವೇಷ ಹಾಕಿಕೊಂಡಿದ್ದಾಗ, ಯೇಸುವಿನ ವೇಷದವನು ಶಿಲುಬೆ ಸಮೇತ ಬಿದ್ದದ್ದನ್ನು ಕಂಡು ಚಾಟಿ ಎಸೆದು, "ಪೆಟ್ಟಾಯ್ತೇನಪ್ಪಾ?" ಎಂದು ಎಬ್ಬಿಸಿ ನೀರು ಕುಡಿಸಿದವನು. ಆ ವರ್ಷ ಯೇಸುವನ್ನು ಶಿಲುಬೆಗೇರಿಸುವುದು ಅರ್ಧ ಗಂಟೆ ತಡವಾಯಿತು. ಅವನ ಯಜಮಾನಿಕೆಯ ಕಪ್ಪು ಕೋಟು ಹೊಲಿದವನು ನಾನು. ಆದ್ದರಿಂದ ಈ ಕಥೆಯನ್ನು ಅಳತೆ ಸಮೇತ ಬಲ್ಲೆ.

ಪಾದ್ರಿ ಅನ್ಸೆಲ್ಮೋ ದಾರಿ ತೋರಿಸಿದರು. ಇಗರ್ಜಿಯ ಬಾಗಿಲು ಮುಚ್ಚಿ ಬಲಿಪೂಜೆ; ಒಳಗೆ ಪಾದ್ರಿ, ಯಜಮಾನ, ಅವನ ಹೆಂಡತಿ, ಅಷ್ಟೇ. ಕೇರಿಯವರೆಲ್ಲ ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೇರಪ್ರಸಾರ ನೋಡುವುದು. ಊಟದ ಬದಲು ಯಜಮಾನನೇ ಪಿಪಿಯಾನನ್ನು ಮನೆಮನೆಗೆ ಮುಟ್ಟಿಸುವುದು. ಪಾದ್ರಿಗಳು ತಮ್ಮ ಮೊಬೈಲನ್ನು ಮೇಣದಬತ್ತಿಯ ಕಂಬಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟುವಾಗ ಫಿದೆನ್ಸಿಯೋ ಹಿಂದೆಮುಂದೆ ಸುಳಿದಾಡಿದ.

"ಸ್ವಾಮಿ, ಇದರಲ್ಲಿ ನಾನು ಕಾಣ್ತೀನಾ?"

"ದೇವರು ಕಾಣ್ಬೇಕು ಕಣಯ್ಯಾ, ನೀನಲ್ಲ."

"ದೇವರು ಹೇಗೂ ನಡುವೆ ಇರ್ತಾರೆ ಸ್ವಾಮಿ. ನಾನು ಪಕ್ಕದಲ್ಲಿ ಒಂಚೂರು ಓರೆಯಾಗಿಯಾದ್ರೂ..."

ಮಂಡಿಯೂರುವ ಮಣೆಯನ್ನು ಎಳೆದು ಎಳೆದು, ಕೊನೆಗೆ ಅರ್ಧ ಪರದೆಯಲ್ಲಿ ಪೀಠ, ಇನ್ನರ್ಧದಲ್ಲಿ ಫಿದೆನ್ಸಿಯೋ ಬರುವಂತೆ ಮಾಡಿಕೊಂಡ. ಇಷ್ಟು ವರ್ಷ ಕಾದವನು ಅಷ್ಟು ಜಾಗ ಕೇಳುವುದು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಮೆಣಸಿನಕಾಯಿಯ ವಿಚಾರ. ಪ್ರತಿವರ್ಷ ಅದನ್ನು ಹುರಿಯುವುದು ಕೇರಿಯ ಹೆಂಗಸರೆಲ್ಲ ಸೇರಿ, ಬಯಲಲ್ಲಿ, ಗಾಳಿ ನೋಡಿಕೊಂಡು. ಈ ಸಲ ಗುಂಪುಗೂಡುವಂತಿಲ್ಲ. ಬಯಲಲ್ಲಿ ಹುರಿದರೆ ವಾಸನೆ ಹಿಡಿದು ಪೊಲೀಸರು ಬಂದಾರು ಎಂದು ಫಿದೆನ್ಸಿಯೋ ತನ್ನ ಬುದ್ಧಿ ಉಪಯೋಗಿಸಿದ. ಅಡುಗೆಮನೆಯ ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಗೋಣಿ ತುರುಕಿ, ಗಂಡಹೆಂಡಿರಿಬ್ಬರೇ ಇಡೀ ಕೇರಿಗಾಗುವಷ್ಟು ಮೆಣಸಿನಕಾಯಿ ಹುರಿದರು. ಹೆಂಡತಿ ಎಪಿಫಾನಿಯಾ ಒದ್ದೆ ಶಾಲಿನ ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದಳು. ಇವನು, "ಯಜಮಾನನಾದವನು ಮುಖ ಮುಚ್ಚಿಕೊಳ್ಳಬಾರದು ಕಣೇ," ಎಂದು ಬಾಣಲೆಯ ಮೇಲೇ ಬಗ್ಗಿ ನಿಂತಿದ್ದನಂತೆ. ಆ ಘಾಟು ಗೋಡೆ ದಾಟಿ ಬಂದು, ಹೊಲಿಗೆ ಯಂತ್ರದ ಮುಂದೆ ಕೂತ ನಾನೇ ಕೆಮ್ಮಿ ಕೆಮ್ಮಿ ಅವನ ಕೋಟಿನ ಒಂದು ತೋಳನ್ನು ತಲೆಕೆಳಗಾಗಿ ಹೊಲಿದೆ.

ಹಬ್ಬದ ದಿನ ಬೆಳಿಗ್ಗೆ ಎಲ್ಲರೂ ಮೊಬೈಲು ಹಿಡಿದು ಕೂತೆವು. ಪರದೆಯ ಕೆಳಗೆ ಹೃದಯಗಳು, ಜೋಡಿಸಿದ ಕೈಗಳು ಹರಿದು ಬರುತ್ತಿದ್ದವು. "ಕೋಟು ಚೆನ್ನಾಗಿದೆ" ಎಂದು ಯಾರೋ ಬರೆದರು; ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಪಾದ್ರಿಗಳು ರೊಟ್ಟಿಯನ್ನು ಮೇಲೆತ್ತಿದರು. ಗಂಟೆ ಮೊಳಗಿತು. ಇಗರ್ಜಿಯೂ ಕೇರಿಯೂ ಉಸಿರು ಹಿಡಿದ ಆ ಗಳಿಗೆಯಲ್ಲಿ ಫಿದೆನ್ಸಿಯೋ ಕೆಮ್ಮಿದ.

ಒಂದು ಕೆಮ್ಮಾಗಿದ್ದರೆ ದೇವರೂ ಕೇರಿಯೂ ಕ್ಷಮಿಸುತ್ತಿದ್ದರೇನೋ. ಹಿಂದಿನ ದಿನದ ಮೆಣಸಿನಕಾಯಿಯೆಲ್ಲ ಗಂಟಲಲ್ಲಿ ಕೂತಿತ್ತು. ತಡೆಯಲು ಹೋದ, ಮುಖ ಟೊಮೆಟೊ ಆಯಿತು. ಬಾಯಿಗೆ ಟೋಪಿ ಒತ್ತಿಕೊಂಡ, ಕೆಮ್ಮು ಮೂಗಿನಿಂದ ಬಂತು. ಎಪಿಫಾನಿಯಾ ಬೆನ್ನಿಗೆ ಗುದ್ದಿದಳು. ಪಾದ್ರಿಗಳು ಎತ್ತಿದ ಕೈ ಇಳಿಸುವಂತಿಲ್ಲ, ಓಡಿಹೋಗುವಂತಿಲ್ಲ. ಮೇಲೆ ನೋಡುತ್ತಲೇ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಸಂತ ರೋಕೆಯ ವಿಗ್ರಹಕ್ಕೆ ಒರಗಿದರು. ಹರಿಯುತ್ತಿದ್ದ ಹೃದಯಗಳು ನಿಂತವು. ಬದಲಿಗೆ ಬರಹಗಳು ಬಂದವು.

"ಇವನಿಗೆ ಬಂದಿದೆ."

"ಅಯ್ಯೋ ದೇವರೇ, ನಿನ್ನೆ ನನ್ನ ಸೈಕಲ್ಲಿಗೆ ಗಾಳಿ ಹೊಡೆದ!"

"ಗಾಳಿಯಲ್ಲೇ ಹರಡೋದಂತೆ."

ನಾನು ಬರೆದೆ: "ಅದು ಮೆಣಸಿನಕಾಯಿ ಘಾಟು. ನಾನೂ ನಿನ್ನೆಯಿಂದ ಕೆಮ್ಮುತ್ತಿದ್ದೇನೆ." ಸತ್ಯ ಹೇಳುವುದರ ಪರಿಣಾಮ ಏನೆಂದರೆ, ಆ ಹೊತ್ತಿನಿಂದ ನನ್ನ ಅಂಗಡಿಗೂ ಯಾರೂ ಕಾಲಿಡಲಿಲ್ಲ. ಒಬ್ಬ ರೋಗಿಯ ಜಾಗದಲ್ಲಿ ಕೇರಿಗೆ ಇಬ್ಬರು ಸಿಕ್ಕರು.

ಇಗರ್ಜಿಯಿಂದ ಬಂದವನೇ ಫಿದೆನ್ಸಿಯೋ ಪಿಪಿಯಾನಿನ ಹಂಡೆಯನ್ನು ಮೂರುಗಾಲಿಯ ಗಾಡಿಗೆ ಏರಿಸಿ, ಹೂವಿನಿಂದ ಸಿಂಗರಿಸಿ ಹೊರಟ. ಮೊದಲ ಮನೆ ದೋನ್ಯಾ ಚೋಲೆಯದು. ಅವಳ "ಹ್ಞೂಂ" ಮೊದಲು ಸಿಕ್ಕಿಬಿಟ್ಟರೆ ಉಳಿದ ಕೇರಿ ತಾನಾಗಿ ಒಲಿಯುತ್ತದೆ ಎಂಬ ಲೆಕ್ಕ. ಬಾಗಿಲು ಬಡಿದ. ಕಿಟಕಿ ಒಂದು ಬೆರಳಷ್ಟು ತೆರೆಯಿತು.

"ದೋನ್ಯಾ ಚೋಲೆ, ಪಿಪಿಯಾನ್ ತಂದಿದೀನಿ. ಟರ್ಕಿ ತೊಡೆ ನಿಮಗೇಂತ ಎತ್ತಿಟ್ಟಿದೀನಿ."

"ಅಲ್ಲೇ ನಿಲ್ಲು! ತೊಡೆಯನ್ನೂ ನಿಲ್ಲಿಸು! ಬಾಯಿ ತೆಗೀಬೇಡ!"

"ಬಾಯಿ ತೆಗೀದೆ ಮಾತಾಡೋದು ಹೇಗೆ ದೋನ್ಯಾ?"

"ಮಾತಾಡು ಅಂದೋರ್ಯಾರು? ನನ್ನ ಗಂಡ ಬದುಕಿದ್ದಷ್ಟು ದಿನ ಬಾಯಿ ತೆಗೀದೆ ಬಾಳ್ವೆ ಮಾಡ್ಲಿಲ್ವಾ?"

ಕಿಟಕಿಯ ಸಂದಿಯಿಂದ ಔಷಧ ಹೊಡೆಯುವ ಪಂಪಿನ ಮೂತಿ ಹೊರಬಂತು. ಕ್ಲೋರಿನ್ ನೀರು ಬುಸ್ಸೆಂದು ಅವನ ಹೊಸ ಕೋಟಿನ ಮೇಲೆ ಬಿತ್ತು. ಕಪ್ಪು ಕೋಟಿನ ಎದೆಯ ಮೇಲೆ ಬಿಳಿ ಮಚ್ಚೆ ಎದ್ದವು. ಕೋಟಿಗೆ ಆದ ಆ ಅವಮಾನವನ್ನು ನಾನು ವೈಯಕ್ತಿಕವಾಗಿ ತೆಗೆದುಕೊಂಡಿದ್ದೇನೆ.

ಎರಡನೆಯ ಮನೆಯವರು ಒಳಗಿಂದಲೇ "ನಾವು ಮನೇಲಿಲ್ಲ" ಎಂದು ಕೂಗಿದರು. ಮೂರನೆಯವರು ನಾಯಿ ಬಿಟ್ಟರು. ಅಷ್ಟರಲ್ಲಿ ಕೇರಿಯ ಧ್ವನಿವರ್ಧಕ ಗೊರಗೊರ ಎಂದಿತು. ಅದು ಇರುವುದು ತೆಯೋದುಲೋನ ಮಹಡಿಯ ಮೇಲೆ. ಅವನು ಎಪಿಫಾನಿಯಾಳ ಅಣ್ಣ, ಕೇರಿ ಸಮಿತಿಯ ಅಧ್ಯಕ್ಷ, ಸಾಮಾನ್ಯ ದಿನಗಳಲ್ಲಿ ಬಿಸಿ ತಮಾಲೆ ಕಡುಬು ಬಂದದ್ದನ್ನೂ ಕಳೆದುಹೋದ ಹಂದಿಯನ್ನೂ ಕೂಗಿ ಹೇಳುವವನು.

"ಕೇರಿಯವರ ಗಮನಕ್ಕೆ! ಫಿದೆನ್ಸಿಯೋ ಅನ್ನೋರು ಗಾಡಿ ತಗೊಂಡು ಹೊರಟಿದಾರೆ. ಯಾರೂ ಬಾಗಿಲು ತೆಗೀಬೇಡಿ. ಅವರು ನಮ್ಮ ಭಾವನೇ ಆದ್ರೂ ನ್ಯಾಯ ಎಲ್ರಿಗೂ ಒಂದೇ. ಪಿಪಿಯಾನ್ ವಾಸನೆ ಬಂದ್ರೆ ಮೂಗು ಮುಚ್ಕೊಳ್ಳಿ!"

ಫಿದೆನ್ಸಿಯೋ ಬೀದಿಯ ನಡುವೆ ನಿಂತು ಮಹಡಿಯತ್ತ ಕೂಗಿದ: "ಭಾವಾ, ಘಾಟು ಕಣೋ! ಬರೀ ಘಾಟು!" ಧ್ವನಿವರ್ಧಕದ ಮುಂದೆ ಬರಿಯ ಬಾಯಿ ಎಷ್ಟು ದೂರ ಕೇಳೀತು? ಕೇಳಿದವರಿಗೂ ಕಂಡದ್ದು ಅವನು ಬಾಯಿ ತೆರೆದದ್ದು ಮಾತ್ರ. ಪಟಪಟನೆ ಉಳಿದ ಕಿಟಕಿಗಳೂ ಮುಚ್ಚಿದವು.

ಮಧ್ಯಾಹ್ನ ಆರೋಗ್ಯ ಇಲಾಖೆಯವನೊಬ್ಬ ಬಂದ. ತಲೆಯಿಂದ ಕಾಲಿನವರೆಗೆ ಬಿಳಿ ಚೀಲದೊಳಗಿದ್ದ. ಒಳಗೆ ಮನುಷ್ಯ ಇದ್ದಾನೆ ಎಂಬುದಕ್ಕೆ ಕನ್ನಡಕ ಮಾತ್ರ ಸಾಕ್ಷಿ.

"ಕೆಮ್ಮು ಯಾವಾಗಿಂದ?"

"ಕೆಮ್ಮಲ್ಲ ಸಾಹೇಬ್ರೆ, ಘಾಟು."

"ರೋಗಿಗಳು ಹಾಗೇ ಹೇಳೋದು. ಒಪ್ಕೊಳ್ಳದೇ ಇರೋದೂ ಒಂದು ಲಕ್ಷಣ."

"ಒಪ್ಕೊಂಡ್ರೆ?"

"ಆಗ ರೋಗ ಖಚಿತ."

ಈ ತರ್ಕದ ಮುಂದೆ ದೊಡ್ಡ ದೊಡ್ಡ ವಕೀಲರೂ ಸೋಲುತ್ತಾರೆ. ಫಿದೆನ್ಸಿಯೋ ಸೋಲಲಿಲ್ಲ, ಸೋತಿದ್ದರೆ ಒಳ್ಳೆಯದಿತ್ತು. "ನೀವೇ ಬಂದು ನೋಡಿ ಸಾಹೇಬ್ರೆ, ಒಂದೇ ನಿಮಿಷ," ಎಂದು ಆ ಬಿಳಿ ಚೀಲವನ್ನು ಅಡುಗೆಮನೆಗೆ ಕರೆದುಕೊಂಡು ಹೋದ. ಉಳಿದಿದ್ದ ಮೆಣಸಿನಕಾಯಿಯಲ್ಲಿ ಎರಡು ಬೊಗಸೆ ಕಾದ ಬಾಣಲೆಗೆ ಸುರಿದು, "ಆ ಮುಸುಕು ಒಂಚೂರು ಸರಿಸಿ, ಆಗ ನಿಮ್ಗೇ ಗೊತ್ತಾಗತ್ತೆ," ಅಂದ. ಪಾಪದವನು, ಸರ್ಕಾರಿ ನೌಕರನಾದರೂ ಕುತೂಹಲವಿದ್ದವನು, ಸರಿಸಿದ.

ಕೇರಿಯ ಕಿಟಕಿಗಳ ಹಿಂದಿದ್ದ ಕಣ್ಣುಗಳೆಲ್ಲ ಕಂಡದ್ದು ಇಷ್ಟು: ಆರೋಗ್ಯವಾಗಿ ಒಳಗೆ ಹೋದ ಅಧಿಕಾರಿ, ಗಳಿಗೆಯೊಳಗೆ ಮುಸುಕು ಕಿತ್ತೆಸೆದು, ಕಣ್ಣುಮೂಗಲ್ಲಿ ನೀರು ಸುರಿಸುತ್ತ, ಕೆಮ್ಮುತ್ತ ಬೀದಿಗೆ ಬಂದು ಚರಂಡಿಯ ಪಕ್ಕ ಕುಕ್ಕರಿಸಿದ. ಧ್ವನಿವರ್ಧಕ ಚೀರಿತು: "ಇಲಾಖೆಯವರಿಗೂ ಅಂಟಿಸಿದ! ನಮ್ಮ ಕಣ್ಣೆದುರೇ ಅಂಟಿಸಿದ!" ಅಧಿಕಾರಿ ಚೇತರಿಸಿಕೊಂಡು, ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ್ದಕ್ಕೋ ರೋಗಕ್ಕೋ ತಿಳಿಯದು, ಫಿದೆನ್ಸಿಯೋನ ಬಾಗಿಲಿಗೆ ಅಡ್ಡಡ್ಡ ಹಳದಿ ಪಟ್ಟಿ ಬಿಗಿದು ಹೋದ. ನಾನು ಗೋಡೆಯಾಚೆಯಿಂದ ನಕ್ಕೆ. ಎಪಿಫಾನಿಯಾ ನಗಲಿಲ್ಲ.

ಹಂಡೆ ಹಾಗೇ ಉಳಿಯಿತು. ಗೋಡೆಯ ಮೇಲಿಂದ ನನಗೊಂದು ಪಾತ್ರೆ ದಾಟಿಸಿದರು. ಸಂತ ರೋಕೆಯ ಮುಂದೆ ನಿಂತು ಪ್ರಮಾಣ ಮಾಡಿ ಹೇಳುತ್ತೇನೆ: ನನ್ನ ಜನ್ಮದಲ್ಲಿ ಅಂಥ ಪಿಪಿಯಾನ್ ತಿಂದಿಲ್ಲ. ಬೀಜ ಹದವಾಗಿ ಹುರಿದಿತ್ತು, ಖಾರ ಕಿವಿಯಲ್ಲಿ ಹೊಗೆ ಬರುವಷ್ಟಿತ್ತು, ಉಪ್ಪು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಇಬ್ಬರು ಎಷ್ಟು ತಿಂದಾರು? ಮೂರನೆಯ ದಿನಕ್ಕೆ ಹುಳಿ ಬಂತು. ಸೈಕಲ್ ಶೆಡ್ಡಿನ ಹಿಂದೆ ಗುಂಡಿ ತೋಡಿ ಸುರಿದರು. ಸುರಿಯುವಾಗ ಫಿದೆನ್ಸಿಯೋ ತಲೆಯ ಟೋಪಿ ತೆಗೆದಿದ್ದ.

ಹಬ್ಬದ ಎಂಟನೆಯ ದಿನ ಮರುಪೂಜೆ. ಅವತ್ತು ತೆಯೋದುಲೋನ ಹಿತ್ತಲಲ್ಲಿ ಗುಟ್ಟಾಗಿ ಕುಣಿತ ಏರ್ಪಾಡಾಯಿತು. "ರೋಗಿ ಪಟ್ಟಿಯೊಳಗೆ ಭದ್ರವಾಗಿದಾನೆ, ಇನ್ನು ನಮಗೇನು ಭಯ?" ಎಂಬುದು ಅಧ್ಯಕ್ಷನ ಅಭಯ. ಇಡೀ ಕೇರಿ ನೆರೆಯಿತು. ಹೊರಗೆ ಕೇಳಿಸಬಾರದೆಂದು ಬ್ಯಾಂಡಿನವರು ತುತ್ತೂರಿಯ ಬಾಯಿಗೆ ಕಾಲುಚೀಲ ತುರುಕಿ ಊದಿದರು. ಬಾಯಿಗೆ ಕಟ್ಟಿದ ಬಟ್ಟೆ ಕುಡಿಯಲು ಅಡ್ಡಿ, ಹಾಡಲು ಅಡ್ಡಿ, ಮುತ್ತಿಡಲು ಅಡ್ಡಿ, ಕತ್ತಿಗೆ ಇಳಿಯಿತು. ದೋನ್ಯಾ ಚೋಲೆ ಪಂಪನ್ನು ಮನೆಯಲ್ಲೇ ಬಿಟ್ಟು ಬಂದು ಎಲ್ಲರ ಕೆನ್ನೆಗೂ ಕೆನ್ನೆ ಒತ್ತಿದಳಂತೆ. ನನ್ನನ್ನು ಯಾರೂ ಕರೆದಿರಲಿಲ್ಲ. ನಾನು ಗೋಡೆಯ ಈಚೆ, ಗಂಡಹೆಂಡಿರು ಆಚೆ ಕೂತು, ಕಾಲುಚೀಲದೊಳಗಿನ ಸಂಗೀತ ಕೇಳಿದೆವು.

"ನಮ್ಮಣ್ಣ ನಮ್ಮನ್ನ ಬಿಟ್ಟು ಕುಣೀತಾ ಇದಾನಲ್ರೀ," ಅಂದಳು ಎಪಿಫಾನಿಯಾ.

"ಕುಣೀಲಿ ಬಿಡೇ. ಹಬ್ಬ ನಮ್ಮದೇ ತಾನೇ?" ಅಂದ ಯಜಮಾನ.

ಮುಂದಿನದನ್ನು ಹೇಳಲು ಬಹಳ ಮಾತು ಬೇಡ. ವಾರ ಕಳೆಯುವಷ್ಟರಲ್ಲಿ ಕೇರಿ ಮಲಗಿತು. ಮೊದಲು ತುತ್ತೂರಿಯವನು ಹೋದ. ಆಮೇಲೆ ಪಾದ್ರಿಗಳು ಸಾವಿನ ಗಂಟೆ ಬಾರಿಸುವುದನ್ನೇ ನಿಲ್ಲಿಸಿದರು, ಹಾಸಿಗೆ ಹಿಡಿದವರು ಎಣಿಸುತ್ತ ಕೂರುತ್ತಾರೆ ಅಂತ. ಇಡೀ ಬೀದಿಯಲ್ಲಿ ನೆಟ್ಟಗೆ ನಿಂತಿದ್ದವರು ಮೂವರು: ಹಳದಿ ಪಟ್ಟಿಯೊಳಗಿನ ಇಬ್ಬರು, ಯಾರಿಗೂ ಬೇಡವಾದ ನಾನೊಬ್ಬ. ಯಾವ ಪಟ್ಟಿ ಬಿಗಿದು ಅವರನ್ನು ಕೇರಿಯಿಂದ ಕಾಪಾಡಿದರೋ ಅದನ್ನು ಬಿಚ್ಚಲು ಯಾರೂ ಬರಲಿಲ್ಲ. ಇಲಾಖೆಯವನೂ ಮಲಗಿದ್ದನಂತೆ. ಕೇರಿಯವರು ಸುಮ್ಮನಿದ್ದರು ಅಂದುಕೊಳ್ಳಬೇಡಿ. ಹಾಸಿಗೆಯಲ್ಲಿ ಮಲಗಿಯೇ ತೆಯೋದುಲೋ ಮೊಬೈಲಿನಲ್ಲಿ ಬರೆದ: "ಅವತ್ತೇ ಹೇಳಿದ್ದೆ. ಪೂಜೆಯಲ್ಲಿ ಕೆಮ್ಮಿದ, ಈಗ ನೋಡಿ." ಕೆಳಗೆ ಹೆಬ್ಬೆರಳುಗಳು ಎದ್ದವು. ಪರದೆಯೊಳಗಿಂದ ಕೆಮ್ಮಿದ್ದು ಮನೆಮನೆಗೆ ಹೇಗೆ ಬಂತು ಎಂದು ಕೇಳುವಷ್ಟು ಜ್ವರ ಯಾರಿಗೂ ಇಳಿದಿರಲಿಲ್ಲ. ಇಳಿದ ಮೇಲೂ ಕೇಳಲಿಲ್ಲ.

ಅದನ್ನು ಓದಿದ ಎಪಿಫಾನಿಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎದ್ದು, ಡಬ್ಬಿಯಲ್ಲಿ ಉಳಿದಿದ್ದ ಮೆಣಸಿನಕಾಯಿ, ಕುಂಬಳಬೀಜದ ಪುಡಿ ಇಳಿಸಿದಳು.

"ಎಲ್ಲರ ಮನೇಲೂ ಒಲೆ ಆರಿದೆ. ಬೇಯಿಸ್ಕೊಡೋರು ಯಾರೂ ಇಲ್ಲ. ಹಂಡೆ ತೊಳೀರಿ."

"ಪಿಪಿಯಾನೇ ಮಾಡೋಣ್ವಾ?" ಎಂದು ಫಿದೆನ್ಸಿಯೋ ಕೇಳಿದ. ಅವನ ಮುಖ ನೋಡಬೇಕಿತ್ತು. ಕೇರಿಯಲ್ಲಿ ಸಾವು ಓಡಾಡುತ್ತಿದೆ, ಇವನ ಮುಖದಲ್ಲಿ ಹಬ್ಬ. ನಾನು ಬೈಯುವುದಿಲ್ಲ. ಅವನು ಉಣ್ಣಿಸದೆ ಉಳಿದ ಯಜಮಾನ.

ಪಟ್ಟಿ ತಾವೇ ಕತ್ತರಿಸಿ ಹೊರಗೆ ಬಂದರು. ಮನೆಮನೆಯ ಗೇಟಿಗೂ ಒಂದೊಂದು ಪಾತ್ರೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ತೊರ್ತಿಯಾ ರೊಟ್ಟಿ ಇಟ್ಟು, ಗೇಟು ತಟ್ಟಿ, ಫಿದೆನ್ಸಿಯೋ ಗಾಡಿ ತುಳಿದುಕೊಂಡು ಓಡುತ್ತಿದ್ದ. ಈ ಸಲ ಬಾಗಿಲುಗಳು ತೆರೆದವು. ಹಸಿವಿಗೆ ಧ್ವನಿವರ್ಧಕ ಬೇಕಿಲ್ಲ. ಸಂಜೆಯ ಹೊತ್ತಿಗೆ ಇಡೀ ಕೇರಿ ಫಿದೆನ್ಸಿಯೋನ ಪಿಪಿಯಾನ್ ಉಂಡಿತ್ತು. ಅವನು ನನ್ನ ಅಂಗಡಿಯ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂತ, ಪರೀಕ್ಷೆ ಬರೆದ ಹುಡುಗನಂತೆ.

ಮೊದಲು ಬಂದದ್ದು ತೆಯೋದುಲೋನ ಮಹಡಿಯ ಮೇಲಿನ ದನಿ, ಸೊರಗಿದ ದನಿ: "ಪಿಪಿಯಾನ್ ಬಂತು. ಪುಣ್ಯ ಬರ್ಲಿ. ಆದ್ರೆ ಭಾವಾ... ಉಪ್ಪೂ ಇಲ್ಲ, ಖಾರಾನೂ ಇಲ್ಲ. ಬರೀ ಬಿಸಿನೀರು." ಹಿಂದೆಯೇ ಉಳಿದವರು ಬರೆದರು. "ಸಪ್ಪೆ." "ನಮ್ಮನೇದೂ ಸಪ್ಪೆ." "ಮೆಣಸಿನಕಾಯಿ ಉಳಿಸಿಕೊಂಡಿದ್ದಾನೆ." "ರೋಗಿಗಳು ತಾನೇ, ಏನು ಕೊಟ್ಟರೂ ನಡೆಯುತ್ತೆ ಅಂದುಕೊಂಡ."

ಫಿದೆನ್ಸಿಯೋ ಹಂಡೆಯ ತಳಕ್ಕೆ ಬೆರಳದ್ದಿ ನೆಕ್ಕಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನನ್ನ ಬಾಯಿಗೂ ಇಟ್ಟ. ನನ್ನ ಕಣ್ಣಲ್ಲೂ ಬಂತು.

"ಅವರ ತಪ್ಪಲ್ಲ ಕಣೋ," ಅಂದೆ. "ಈ ರೋಗ ಮೊದಲು ಮೂಗನ್ನ ತಿನ್ನತ್ತೆ, ಆಮೇಲೆ ನಾಲಿಗೆನ. ಬೆಂಕಿ ಇಟ್ಟರೂ ಅವರಿಗೆ ಸಪ್ಪೇನೇ. ರೇಡಿಯೋದಲ್ಲಿ ಡಾಕ್ಟರು ಹೇಳ್ತಾ ಇದ್ರು."

ಅವನ ಮುಖ ಅರಳಿತು. "ಹಾಗಾದ್ರೆ ದೋನ್ಯಾ ಚೋಲೆಗೆ ಗೊತ್ತಾಗತ್ತೆ. ಅವಳ ನಾಲಿಗೇನ ಯಾವ ರೋಗ ತಿನ್ನತ್ತೆ? ಅವಳೊಂದು ಮಾತು ಹೇಳ್ಲಿ, ಕೇರಿ ತಾನಾಗಿ ಒಪ್ಪತ್ತೆ." ಮೂಲೆಯಂಗಡಿಯತ್ತ ನೋಡುತ್ತ ಆ ದಿನ ಕಾದ. ಮರುದಿನವೂ ಕಾದ. ಅವಳ "ಹ್ಞೂಂ" ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ದೋನ್ಯಾ ಚೋಲೆ ತೀರಿಕೊಂಡಳು.

ಅವಳ ಬೂದಿಯ ಕರಂಡಕವನ್ನು ಪೀಠದ ಮುಂದಿಟ್ಟು ಪಾದ್ರಿಗಳು ಬಲಿಪೂಜೆ ಮಾಡಿದರು. ಮತ್ತೆ ಅದೇ ಮುಚ್ಚಿದ ಬಾಗಿಲು, ಅದೇ ಮೊಬೈಲು. ಮಗಳು ಒಬ್ದುಲಿಯಾ ಜ್ವರದಲ್ಲಿ ಮನೆಯಲ್ಲೇ ಇದ್ದಳು. ಮನೆಯವರಿಲ್ಲದಾಗ ಸತ್ತವರ ಪಕ್ಕದಲ್ಲಿ ಕೂರಬೇಕಾದವನು, ಕೇರಿಯ ಪರವಾಗಿ ಪ್ರಾರ್ಥನೆಗಳಿಗೆ ಉತ್ತರ ಹೇಳಬೇಕಾದವನು ಹಬ್ಬದ ಯಜಮಾನ. ಅಲ್ಲದೆ ಎದ್ದು ನಡೆಯುವ ಸ್ಥಿತಿಯಲ್ಲಿ ಇದ್ದವರಾದರೂ ಯಾರು? ಫಿದೆನ್ಸಿಯೋ ಬಿಳಿ ಮಚ್ಚೆಯ ಕೋಟು ತೊಟ್ಟು, ಮಚ್ಚೆ ಮಾಡಿದವಳ ಪಕ್ಕದಲ್ಲೇ ಕೂತ. ಈ ಸಲ ಮಣೆ ಎಳೆದಾಡಲಿಲ್ಲ. ಕ್ಯಾಮೆರಾಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಕೊನೆಯಲ್ಲಿ ಪಾದ್ರಿಗಳು ಮಗಳು ಕಳಿಸಿದ ಪ್ರಾರ್ಥನೆ ಓದಲು ಶುರುಮಾಡಿದರು. ಮೊದಲೇ ಓದಿ ನೋಡಿಕೊಂಡಿರಲಿಲ್ಲ. ದಿನಕ್ಕೆ ಅಷ್ಟು ಪೂಜೆಗಳಿದ್ದಾಗ ಯಾರು ನೋಡುತ್ತಾರೆ?

"ನಮ್ಮಮ್ಮ ಕೊನೆಯದಾಗಿ ಉಂಡದ್ದು ಯಜಮಾನರು ಕಳಿಸಿದ ಪಿಪಿಯಾನ್. ಒಂದು ತುತ್ತು ಬಾಯಿಗಿಟ್ಟು ಕಣ್ಣುಮುಚ್ಚಿದರು. ಆಮೇಲೆ..." ಪಾದ್ರಿಗಳು ತಡವರಿಸಿದರು. ಇಡೀ ಕೇರಿ ನೋಡುತ್ತಿತ್ತು, ನಿಲ್ಲಿಸುವಂತಿರಲಿಲ್ಲ. "ಆಮೇಲೆ, 'ಉಪ್ಪು ಹಾಕೋದನ್ನೇ ಮರೆತಿದಾನೆ ಅಂತ ಫಿದೆನ್ಸಿಯೋಗೆ ಹೇಳು' ಅಂದರು. ಅದೇ ಅವರ ಕೊನೆಯ ಮಾತು. ದೇವರೇ, ಅವರ ಆತ್ಮಕ್ಕೆ ಶಾಂತಿ ಕೊಡು."

ಪರದೆಯ ಕೆಳಗೆ ಜೋಡಿಸಿದ ಕೈಗಳು ಸಾಲುಸಾಲಾಗಿ ಏರಿ ಬಂದವು. ತೀರ್ಪು ಮುಗಿಯಿತು. ಸಾಯುವ ಹೆಂಗಸಿನ ಮಾತಿನ ಮುಂದೆ ಡಾಕ್ಟರ ರೇಡಿಯೋ ಎಲ್ಲಿ, ಬದುಕಿರುವ ದರ್ಜಿಯ ಪ್ರಮಾಣ ಎಲ್ಲಿ? ಆ ವರ್ಷದ ಪಿಪಿಯಾನ್ ಇನ್ನು ಎಂದೆಂದಿಗೂ ಸಪ್ಪೆ. ಪಾದ್ರಿಗಳು ಕಣ್ಣೆತ್ತದೆ ಕಾಯುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಹಾಗೆಯೇ ಆಗಲಿ ಎಂದು ಯಾರಾದರೂ ಒಬ್ಬರು ಉತ್ತರ ಹೇಳಲೇಬೇಕು, ಮತ್ತು ಆ ಖಾಲಿ ಇಗರ್ಜಿಯಲ್ಲಿ ಇದ್ದದ್ದು ಒಂದೇ ಬಾಯಿ. ಫಿದೆನ್ಸಿಯೋ ಎದ್ದು ನಿಂತ. ಕೋಟಿನ ಗುಂಡಿ ಹಾಕಿಕೊಂಡ. ಕೇರಿಯ ಪರವಾಗಿ, ಎಲ್ಲರ ಮನೆಗೂ ಕೇಳಿಸುವಂತೆ, "ಆಮೆನ್" ಅಂದ.